ಬಯಲು ನಾಟಕದ ಹಳೆಯ ಫೋಟೊ: ಒರೆಸುವ ಮೊದಲು ಓದಿ

ಪ್ರಶ್ನೆ: ನಮ್ಮ ಅಜ್ಜ ಓದಿದ ಶಾಲೆಯ ಹುಡುಗರು ಬಯಲಿನಲ್ಲಿ ನಾಟಕವಾಡುತ್ತಿರುವ ಕಪ್ಪು-ಬಿಳುಪು ಫೋಟೊ ಒಂದು ನಮ್ಮ ಮನೆಯಲ್ಲಿದೆ. ಸುಮಾರು 8×10 ಇಂಚಿನದು. ದಪ್ಪ ರಟ್ಟಿಗೆ ಅಂಟಿಸಿ, ಗಾಜು ಹಾಕಿ ಫ್ರೇಮು ಮಾಡಿಸಿದ್ದಾರೆ. ಕಿರೀಟ, ಕತ್ತಿ, ನಿಲುವಂಗಿ ತೊಟ್ಟ ಇಪ್ಪತ್ತೈದು ಹುಡುಗರಿದ್ದಾರೆ. ಹಿಂದೆ ಮರಗಳು, ಒಂದು ಪಕ್ಕದಲ್ಲಿ ನಿಂತು ನೋಡುವ ನಾಲ್ಕೈದು ಜನ. ಹಿಂಬದಿಯಲ್ಲಿ ಏನೂ ಬರೆದಿಲ್ಲ. ಅಂಚಿನ ಸುತ್ತ ಕನ್ನಡಿಯಂಥ ನೀಲಿ ಹೊಳಪು ಬಂದಿದೆ, ಬಿಳಿ ಇದ್ದದ್ದು ಹಳದಿಯಾಗಿದೆ, ಅಲ್ಲಲ್ಲಿ ಕಂದು ಚುಕ್ಕೆಗಳಿವೆ. ಬಲಗಡೆಯ ಕೆಳಮೂಲೆ ಗಾಜಿಗೆ ಅಂಟಿಕೊಂಡಂತಿದೆ. ಮೇಲೆ ಹರಿದ ಕಡೆ ಯಾರೋ ಟೇಪು ಹಚ್ಚಿದ್ದಾರೆ. ನೀರಿನಲ್ಲಿ ನೆನೆಸಿ ಬಿಡಿಸಿ ಎಂದು ಒಬ್ಬರು, ಬ್ರೆಡ್ಡಿನ ತಿರುಳಿನಿಂದ ಉಜ್ಜಿ ಎಂದು ಇನ್ನೊಬ್ಬರು, ಲ್ಯಾಮಿನೇಟ್ ಮಾಡಿಸಿಬಿಡಿ ಎಂದು ಮತ್ತೊಬ್ಬರು ಹೇಳುತ್ತಾರೆ. ಮೊಬೈಲ್ ಆ್ಯಪಿಗೆ ಹಾಕಿದರೆ ಬಣ್ಣವೂ ಬಂತು, ಮುಖಗಳೂ ಸ್ಪಷ್ಟವಾದವು. ಆದರೆ ಅಜ್ಜ ಬೇರೆ ಯಾರೋ ಆಗಿಬಿಟ್ಟಿದ್ದಾರೆ! ಇದು ಯಾವ ಕಾಲದ ಫೋಟೊ, ನಾಟಕ ನಡೆಯುತ್ತಿರುವಾಗಲೇ ತೆಗೆದದ್ದೇ, ಯಾರು ಯಾರೆಂದು ಗುರುತಿಸುವುದು ಹೇಗೆ, ಇರುವಷ್ಟನ್ನಾದರೂ ಉಳಿಸಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಪ್ರಶ್ನೆಯೊಳಗೆ ಎರಡು ಚಿಂತೆಗಳಿವೆ. ಫೋಟೊ ಹಾಳಾಗುವುದನ್ನು ತಡೆಯುವುದು ಒಂದು, ಅದರಲ್ಲಿ ಏನಿದೆ ಎಂದು ತಿಳಿಯುವುದು ಇನ್ನೊಂದು. ಮೊದಲನೆಯದಕ್ಕಾಗಿ ಅವಸರದಲ್ಲಿ ಮಾಡುವ ಕೆಲಸ ಎರಡನೆಯದಕ್ಕೆ ಬೇಕಾದ ಸಾಕ್ಷ್ಯವನ್ನೇ ಅಳಿಸುವುದುಂಟು. ಆದ್ದರಿಂದ ಈಗ ಹೇಗಿದೆಯೋ ಹಾಗೆಯೇ, ಗಾಜಿನ ಮೇಲಿಂದಲೇ, ಒಂದು ಒಳ್ಳೆಯ ಪ್ರತಿ ತೆಗೆದಿಟ್ಟುಕೊಳ್ಳಿ. ಉಳಿದದ್ದೆಲ್ಲ ಆಮೇಲೆ. ನೀವು ಹೇಳಿದ ಹೊಳಪು, ಹಳದಿ, ಚುಕ್ಕೆ ಇವೆಲ್ಲ ದಶಕಗಟ್ಟಲೆ ನಿಧಾನವಾಗಿ ಬಂದಂಥವು. ಇನ್ನೊಂದು ತಿಂಗಳು ಕಾದರೆ ಏನೂ ಆಗದು. ಫೋಟೊ ಒದ್ದೆಯಾಗಿದ್ದರೆ ಅಥವಾ ಹತ್ತಿಯಂತೆ ನವಿರಾದ ಹಸಿ ಬೂಷ್ಟು ಬೆಳೆಯುತ್ತಿದ್ದರೆ ಮಾತ್ರ ಅವಸರ ಮಾಡಬೇಕು.

ನಿಮಗೆ ಸಿಕ್ಕ ಮೂರು ಸಲಹೆಗಳಲ್ಲಿ ನೀರಿನದು ತೀರಾ ಆಧಾರವಿಲ್ಲದ್ದೇನಲ್ಲ. ಕಪ್ಪು-ಬಿಳುಪು ಪ್ರಿಂಟುಗಳನ್ನು ತಯಾರಿಸುವಾಗ ನೀರಿನಲ್ಲೇ ತೊಳೆಯುತ್ತಿದ್ದರು, ಸಂರಕ್ಷಣಾ ತಜ್ಞರೂ ಕೆಲವೊಮ್ಮೆ ತೊಳೆಯುತ್ತಾರೆ. ಆದರೆ ಚಿತ್ರವನ್ನು ಹಿಡಿದಿರುವ ಪದರ ಜೆಲಟಿನ್, ಅಂದರೆ ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದ ಅಂಟಿನಂಥ ವಸ್ತು. ಬೂಷ್ಟು ಒಮ್ಮೆ ತಿಂದು ಹೋದ ಜಾಗದಲ್ಲಿ ಅದು ನೀರಿಗೆ ಕರಗುವಂತಾಗಿರುತ್ತದೆ. ನಿಮ್ಮ ಕಂದು ಚುಕ್ಕೆಗಳಲ್ಲಿ ಕೆಲವು ಬೂಷ್ಟಿನವೇ ಆಗಿದ್ದರೆ ನೆನೆಸಿದಾಗ ಅಲ್ಲಿನ ಚಿತ್ರ ಲೋಳೆಯಾಗಿ ಜಾರಿಹೋಗುತ್ತದೆ. ಜೊತೆಗೆ ರಟ್ಟಿನ ಅಂಟು ಬಿಡುತ್ತದೆ, ರಟ್ಟಿನ ಕಂದು ಬಣ್ಣ ಒಸರಿ ಪ್ರಿಂಟಿನ ಮೇಲೆ ಅಲೆಯಂತೆ ಕಲೆ ಕಟ್ಟುತ್ತದೆ. ಗುಂಪು ಫೋಟೊಗಳಲ್ಲಿ ಹುಬ್ಬು, ಕಣ್ಣು, ಗಡ್ಡದ ಅಂಚುಗಳನ್ನು ಬಣ್ಣ ಹಚ್ಚಿ ತಿದ್ದುವ ರೂಢಿಯೂ ಇತ್ತು. ಆ ತಿದ್ದುವಿಕೆ ನೀರಿಗೆ ಮೊದಲು ಹೋಗುತ್ತದೆ.

ಬ್ರೆಡ್ಡು, ಆಲೂಗಡ್ಡೆ, ರಬ್ಬರು ಇವುಗಳಿಂದ ಫೋಟೊದ ಮುಖಭಾಗವನ್ನು ಉಜ್ಜಲೇಬಾರದು. ಜಿಡ್ಡು ಮತ್ತು ಪಿಷ್ಟ ಉಳಿದು ಹುಳಕ್ಕೂ ಬೂಷ್ಟಿಗೂ ಊಟವಾಗುತ್ತದೆ, ಉಜ್ಜಿದ ಗೀರು ಶಾಶ್ವತವಾಗಿ ನಿಲ್ಲುತ್ತದೆ. ಲ್ಯಾಮಿನೇಶನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಬಿಸಿ, ಒತ್ತಡ ಮತ್ತು ಅಂಟು ಮೂರೂ ಒಟ್ಟಿಗೆ ಬೀಳುತ್ತವೆ, ಒಮ್ಮೆ ಮಾಡಿದರೆ ತೆಗೆಯಲಾಗದು.

ಆ ನೀಲಿ ಹೊಳಪು ಧೂಳೂ ಅಲ್ಲ, ಜಿಡ್ಡೂ ಅಲ್ಲ. ಚಿತ್ರದ್ದೇ ಬೆಳ್ಳಿ ಅದು. ಗಾಳಿಯಲ್ಲಿನ ಮಾಲಿನ್ಯ, ಹಸಿ ಪೇಂಟಿನ ಆವಿ, ಕೀಳುದರ್ಜೆಯ ರಟ್ಟು ಮತ್ತು ಮರದಿಂದ ಹೊರಬರುವ ಪೆರಾಕ್ಸೈಡುಗಳು ಜೆಲಟಿನ್ನಿನೊಳಗಿನ ಬೆಳ್ಳಿಯ ಕಣಗಳನ್ನು ಅಯಾನುಗಳಾಗಿ ಬಿಡಿಸುತ್ತವೆ. ಅವು ತೇವದ ಜೊತೆ ಮೇಲ್ಮೈಗೆ ಸರಿದು ಅಲ್ಲಿ ಮತ್ತೆ ಬೆಳ್ಳಿಯಾಗಿ ಕೂರುತ್ತವೆ. ಗಾಳಿ ಮೊದಲು ನುಗ್ಗುವುದು ಅಂಚಿನಿಂದ, ಬೆಳ್ಳಿ ಹೆಚ್ಚಿರುವುದು ಕಪ್ಪು ಭಾಗದಲ್ಲಿ. ಹಾಗಾಗಿ ಹೊಳಪು ಅಂಚಿನ ಕಡುಗಪ್ಪಿನಲ್ಲೇ ಎದ್ದು ಕಾಣುತ್ತದೆ. ಅದನ್ನು ಒರೆಸಿ ತೆಗೆಯುವುದೆಂದರೆ ಚಿತ್ರದ ಒಂದು ಪಾಲನ್ನು ಒರೆಸಿ ತೆಗೆದಂತೆ. ಬಿಳಿ ಭಾಗದ ಹಳದಿಗೆ ಸಾಮಾನ್ಯ ಕಾರಣ ತಯಾರಿಕೆಯ ದಿನವೇ ಆದ ಅರೆಬರೆ ಕೆಲಸ. ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣವಾದ ಫಿಕ್ಸರ್ ಹಳತಾಗಿದ್ದರೆ ಅಥವಾ ಕೊನೆಯ ತೊಳೆತ ಸಾಲದಿದ್ದರೆ ಉಳಿದ ಗಂಧಕದ ಸಂಯುಕ್ತಗಳು ವರ್ಷಗಳ ಮೇಲೆ ಹಳದಿಯಾಗುತ್ತವೆ, ಚಿತ್ರವನ್ನೂ ಮಂಕಾಗಿಸುತ್ತವೆ. ಮನೆಯಲ್ಲಿ ಇದನ್ನು ಹಿಂದಕ್ಕೆ ತಿರುಗಿಸಲಾಗದು. ತೇವ ಕಡಿಮೆ ಮಾಡಿದರೆ ಅದರ ವೇಗವನ್ನು ತಗ್ಗಿಸಬಹುದು, ಅಷ್ಟೇ.

ಫ್ರೇಮು ಬಿಚ್ಚುವುದು

ಫ್ರೇಮಿನ ಹಿಂಬದಿ ಫೋಟೊದ ಹಿಂಬದಿಯಲ್ಲ. ಏನೂ ಬರೆದಿಲ್ಲ ಎಂದು ಈಗಲೇ ತೀರ್ಮಾನಿಸಬೇಡಿ. ಸ್ಟುಡಿಯೊದ ಉಬ್ಬುಮುದ್ರೆ, ವರ್ಷ, ಶಾಲೆಯ ಹೆಸರು ಇವೆಲ್ಲ ರಟ್ಟಿನ ಕೆಳ ಅಂಚಿನಲ್ಲಿದ್ದು, ಫ್ರೇಮಿನ ತುಟಿಯಡಿ ಮುಚ್ಚಿಹೋಗಿರುವುದು ತೀರಾ ಸಾಮಾನ್ಯ.

ಮೇಜಿನ ಮೇಲೆ ಮಡಚಿದ ಮೆತ್ತನೆಯ ಬಟ್ಟೆ ಹಾಸಿ ಫ್ರೇಮನ್ನು ಮುಖ ಕೆಳಗಾಗಿ ಮಲಗಿಸಿ. ಹಿಂದಿನ ಕಾಗದವನ್ನು ಅಂಚಿನಲ್ಲಿ ಕೊಯ್ದು ತೆಗೆಯಿರಿ. ಮೊಳೆಗಳನ್ನು ಇಕ್ಕಳದಲ್ಲಿ ಹಿಡಿದು, ಬಂದ ದಾರಿಯಲ್ಲೇ ನೇರವಾಗಿ ಎಳೆಯಿರಿ. ಅವನ್ನು ಮೇಲಕ್ಕೆ ಬಗ್ಗಿಸಿದರೆ ಒತ್ತಡವೆಲ್ಲ ಗಾಜಿನ ಮೇಲೆ ಬೀಳುತ್ತದೆ. ಹಿಂದಿನ ಹಲಗೆಯನ್ನೋ ರಟ್ಟನ್ನೋ ತೆಗೆದ ಮೇಲೆ ಗಾಜನ್ನು ಫೋಟೊದಿಂದ ಎತ್ತಲು ಹೋಗಬೇಡಿ. ಒಂದು ಗಟ್ಟಿ ಹಲಗೆಯನ್ನು ಮೇಲಿಟ್ಟು ಎಲ್ಲವನ್ನೂ ಒಟ್ಟಿಗೆ ಮಗುಚಿ, ಫ್ರೇಮಿನ ಮರವನ್ನಷ್ಟೇ ಮೇಲಕ್ಕೆತ್ತಿ. ಗಾಜು ಮತ್ತು ಫೋಟೊ ಜೋಡಿಯಾಗಿ ಹಲಗೆಯ ಮೇಲೆ ಉಳಿಯಬೇಕು. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ, ಇಲ್ಲವಾದರೆ ಕೈ ತೊಳೆದು ಚೆನ್ನಾಗಿ ಒಣಗಿಸಿಕೊಂಡು ಅಂಚನ್ನಷ್ಟೇ ಹಿಡಿಯಿರಿ. ಹತ್ತಿಯ ಬಿಳಿ ಕೈಗವಸು ನೋಡಲು ಶಿಸ್ತಾಗಿರುತ್ತದೆ, ಆದರೆ ಅದರ ನೂಲು ಎದ್ದ ಚಕ್ಕೆಗೆ ಸಿಕ್ಕಿ ಕಿತ್ತುಬರುತ್ತದೆ. ಹಳೆಯ ರಟ್ಟು ಬಿಸ್ಕತ್ತಿನಂತೆ ಮುರಿಯುತ್ತದೆ, ರಟ್ಟು ಮುರಿದಲ್ಲಿ ಫೋಟೊವೂ ಮುರಿಯುತ್ತದೆ. ಆದ್ದರಿಂದ ಒಂದು ಮೂಲೆ ಹಿಡಿದು ಎತ್ತಬಾರದು, ಯಾವಾಗಲೂ ಅಡಿಯಲ್ಲಿ ಅದಕ್ಕಿಂತ ದೊಡ್ಡ ಹಲಗೆ ಇರಲಿ. ಫೋಟೊವನ್ನು ರಟ್ಟಿನಿಂದ ಬಿಡಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಅಂಟಿದ ಮೂಲೆಯ ವಿಷಯದಲ್ಲಿ ನಿಮಗೆ ಎರಡು ದಾರಿಗಳಿವೆ. ತೇವ ಹೆಚ್ಚಾದಾಗ ಜೆಲಟಿನ್ ಮೆತ್ತಗಾಗಿ ಗಾಜಿನ ನುಣುಪಿಗೆ ಕಚ್ಚಿಕೊಂಡು ಹಾಗೆಯೇ ಒಣಗಿದೆ. ಈಗ ಆ ಮೂಲೆಯಲ್ಲಿ ಚಿತ್ರಕ್ಕೆ ಕಾಗದದ ಮೇಲಿರುವ ಹಿಡಿತಕ್ಕಿಂತ ಗಾಜಿನ ಮೇಲಿನ ಹಿಡಿತವೇ ಹೆಚ್ಚಿರಬಹುದು. ಮೊದಲ ದಾರಿ, ಗಾಜಿನ ಸಮೇತ ಹಾಗೆಯೇ ಇಡುವುದು. ಅಪಾಯ ಒಂದೇ: ಗಾಜು ಒಡೆದರೆ ಮೂಲೆಯೂ ಹೋಗುತ್ತದೆ. ಆದರೆ ಮಲಗಿಸಿಟ್ಟ ಪೆಟ್ಟಿಗೆಯಲ್ಲಿ ಆ ಸಂಭವ ಕಡಿಮೆ. ಎರಡನೆಯದು, ಫೋಟೊ ಸಂರಕ್ಷಣೆಯಲ್ಲಿ ತರಬೇತಿ ಪಡೆದವರಿಂದ ಬಿಡಿಸುವುದು. ಅವರೂ ಪೂರ್ತಿ ಬರುತ್ತದೆಂದು ಮಾತು ಕೊಡಲಾರರು, ಒಂದಿಷ್ಟು ಚಕ್ಕೆ ಗಾಜಿನ ಮೇಲೆ ಉಳಿಯಬಹುದು. ಆ ಮೂಲೆಯಲ್ಲಿರುವುದು ಬರೀ ಹುಲ್ಲಾದರೆ ಮೊದಲ ದಾರಿ ಸಾಕು. ಮುಖವಿದ್ದರೂ ಮೊದಲ ದಾರಿಯೇ ಸಾಕು ಎನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ಗಾಜಿನ ಮೂಲಕವೇ ಅದರ ಪ್ರತಿ ಚೆನ್ನಾಗಿ ಬರುತ್ತದೆ. ಹೇರ್ ಡ್ರೈಯರ್, ಬ್ಲೇಡು, ದಾರ, ಫ್ರೀಜರು ಇವು ಯಾವುದೂ ಮನೆಯ ಪ್ರಯೋಗಕ್ಕೆ ತಕ್ಕವಲ್ಲ.

ಟೇಪನ್ನೂ ಮುಟ್ಟಬೇಡಿ. ಎಳೆದರೆ ಮೊದಲು ಬರುವುದು ಚಿತ್ರದ ಪದರ. ಅದರ ಅಂಟನ್ನು ದ್ರಾವಕ ಬಳಸಿ ತೆಗೆಯಬೇಕು, ಯಾವ ದ್ರಾವಕ ಎನ್ನುವುದು ಅಂಟನ್ನು ಪರೀಕ್ಷಿಸಿದ ಮೇಲಷ್ಟೇ ಗೊತ್ತಾಗುತ್ತದೆ. ನೀವು ಮಾಡಬಹುದಾದ ಸ್ವಚ್ಛತೆ ಇಷ್ಟೇ: ಟಾರ್ಚನ್ನು ಪಕ್ಕದಿಂದ, ಮೇಲ್ಮೈಗೆ ತಾಗಿದಂತೆ ಹಿಡಿದು ನೋಡಿ. ಎಲ್ಲೂ ಪದರ ಎದ್ದಿಲ್ಲ ಎಂದಾದರೆ ಗಾಜಿನಿಂದ ಹೊರಗಿರುವ ರಟ್ಟಿನ ಅಂಚು ಮತ್ತು ಹಿಂಬದಿಯ ಧೂಳನ್ನು ಮೇಕೆ ಕೂದಲಿನ ಮೆತ್ತನೆಯ ಬ್ರಷ್ಷಿನಿಂದ ಹೊರಮುಖವಾಗಿ ದೂಡಿ. ಒಣಗಿದ ಬೂಷ್ಟಿನ ಪುಡಿ ಇದ್ದರೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ. ಬಾಯಿಂದ ಊದಬೇಡಿ, ಉಗುಳಿನ ಹನಿ ಸಾಕು ಹೊಸ ಕಲೆಗೆ.

ಪ್ರತಿ ತೆಗೆಯುವುದು

ಗಾಜಿನ ಮೂಲಕ ಸ್ಕ್ಯಾನ್ ಮಾಡುವಾಗ ಹೆಚ್ಚಿನವರು ಎಡವುವುದು ಸ್ಕ್ಯಾನರಿನ ಆಯ್ಕೆಯಲ್ಲಿ. ತೆಳ್ಳಗಿನ ಅಗ್ಗದ ಸ್ಕ್ಯಾನರುಗಳಲ್ಲಿರುವ ಸಿಐಎಸ್ ಸಂವೇದಕಕ್ಕೆ ತನ್ನ ಗಾಜಿಗೆ ತಾಗಿದ್ದಷ್ಟೇ ಸ್ಪಷ್ಟ. ಫ್ರೇಮಿನ 2–3 ಮಿಲಿಮೀಟರ್ ಗಾಜು ನಡುವೆ ಬಂದರೆ ಎಲ್ಲವೂ ಮಂಜು. ಸಿಸಿಡಿ ಸಂವೇದಕದ ದಪ್ಪ ಸ್ಕ್ಯಾನರು ಕೆಲವು ಮಿಲಿಮೀಟರ್ ದೂರವನ್ನು ತಾಳಿಕೊಳ್ಳುತ್ತದೆ. ಯಾವುದೇ ಆದರೂ ಮುಚ್ಚಳವನ್ನು ಒತ್ತಬಾರದು.

ನಿಮ್ಮ ಸ್ಥಿತಿಯ ಫೋಟೊಗೆ ಕ್ಯಾಮೆರಾ ಮೇಲು. ಫೋಟೊ ನೆಲಕ್ಕೆ ಸಮನಾಗಿ ಮಲಗಿರಲಿ, ಕ್ಯಾಮೆರಾ ಸ್ಟ್ಯಾಂಡಿನಿಂದ ನೇರ ಕೆಳಕ್ಕೆ ನೋಡಲಿ. ಸಮಾನಾಂತರ ಬಂದಿದೆಯೇ ಎಂದು ತಿಳಿಯಲು ಫೋಟೊದ ಜಾಗದಲ್ಲಿ ಒಂದು ಚಿಕ್ಕ ಕನ್ನಡಿ ಇಟ್ಟು ನೋಡಿ, ಲೆನ್ಸಿನ ಪ್ರತಿಬಿಂಬ ವ್ಯೂಫೈಂಡರಿನ ನಟ್ಟನಡುವೆ ಕಂಡರೆ ಸರಿ. ಒಂದೇ ಬಗೆಯ ಎರಡು ದೀಪಗಳನ್ನು ಎರಡೂ ಪಕ್ಕದಿಂದ 45 ಡಿಗ್ರಿಯಲ್ಲಿ, ಸಮ ದೂರದಲ್ಲಿಡಿ. ಕೋಣೆಯ ಉಳಿದ ದೀಪಗಳನ್ನು ಆರಿಸಿ. ಗಾಜಿನಲ್ಲಿ ಕ್ಯಾಮೆರಾದ್ದೇ ಬಿಂಬ ಬೀಳದಂತೆ ಕಪ್ಪು ಬಟ್ಟೆಗೆ ತೂತು ಮಾಡಿ ಲೆನ್ಸನ್ನಷ್ಟೇ ಹೊರಗಿಡಿ. ಐಎಸ್‌ಒ 100, ಅಪರ್ಚರ್ ಎಫ್ 8, ಎರಡು ಸೆಕೆಂಡಿನ ಟೈಮರ್, ಕ್ಯಾಮೆರಾ ತಾನಾಗಿ ತಿದ್ದದ ರಾ ಫೈಲು. ಬೆಳ್ಳಿಯ ಹೊಳಪು ಚಿತ್ರವನ್ನು ನುಂಗುತ್ತಿದ್ದರೆ ದೀಪಗಳ ಮುಂದೆ ಒಂದೇ ದಿಕ್ಕಿಗೆ ಪೋಲರೈಸಿಂಗ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ಹಿಡಿದು, ಲೆನ್ಸಿನ ಪೋಲರೈಸರನ್ನು ಹೊಳಪು ಮಾಯವಾಗುವವರೆಗೆ ತಿರುಗಿಸಿ. ಮಾಂತ್ರಿಕವೆನಿಸುವಷ್ಟು ವ್ಯತ್ಯಾಸ ಕಾಣುತ್ತದೆ. ಆದರೆ ಪೋಲರೈಸರ್ ಇಲ್ಲದ ಒಂದು ಪ್ರತಿಯೂ ಇರಲಿ, ಹೊಳಪು ಎಷ್ಟರಮಟ್ಟಿಗೆ ಇತ್ತು ಎನ್ನುವುದಕ್ಕೆ ದಾಖಲೆ ಬೇಕು.

ರೆಸಲ್ಯೂಶನ್ ಎಷ್ಟು ಬೇಕೆಂಬುದನ್ನು ಮುಖದ ಅಳತೆಯಿಂದ ಲೆಕ್ಕ ಹಾಕಿ. ಇಪ್ಪತ್ತೈದು ಜನರಿರುವ 8×10 ಇಂಚಿನ ಪ್ರಿಂಟಿನಲ್ಲಿ ಒಂದು ಮುಖ ಸುಮಾರು 8 ಮಿಲಿಮೀಟರ್ ಎತ್ತರವಿರುತ್ತದೆ ಎಂದುಕೊಳ್ಳೋಣ. ಇಂಚಿಗೆ 300 ಪಿಕ್ಸೆಲ್ಲಿನಲ್ಲಿ ಆ ಮುಖಕ್ಕೆ 94 ಪಿಕ್ಸೆಲ್, 600ರಲ್ಲಿ 189, 1200ರಲ್ಲಿ 378. 600 ಕನಿಷ್ಠವೆಂದು ಇಟ್ಟುಕೊಳ್ಳಿ: ಇಡೀ ಚಿತ್ರ 4800×6000 ಪಿಕ್ಸೆಲ್, 24 ಬಿಟ್ ಬಣ್ಣದಲ್ಲಿ ಸುಮಾರು 86 ಎಂಬಿ, 48 ಬಿಟ್ಟಿನಲ್ಲಿ ಸುಮಾರು 173 ಎಂಬಿ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿದಾಗ ಅಂಗಿಯ ಗುಂಡಿಯ ತೂತು ಕಾಣುತ್ತಿದ್ದರೆ ಅದು ದೊಡ್ಡ ನೆಗೆಟಿವನ್ನು ಕಾಗದಕ್ಕೆ ತಾಗಿಸಿ ಮಾಡಿದ ಪ್ರಿಂಟು. ಆಗ 1200ಕ್ಕೆ ಹೋಗುವುದು ಸಾರ್ಥಕ. ಕಪ್ಪು-ಬಿಳುಪು ಫೋಟೊವಾದರೂ ಬಣ್ಣದಲ್ಲೇ ಪ್ರತಿ ತೆಗೆಯಿರಿ. ಬಣ್ಣದ ಪ್ರತಿಯಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳು, ಅಂದರೆ ಚಾನೆಲ್ಲುಗಳು ಇರುತ್ತವೆ; ಹಳದಿ ಕಲೆ ನೀಲಿ ಚಾನೆಲ್ಲಿನಲ್ಲಿ ಕಪ್ಪಾಗಿ ಕಾಣುತ್ತದೆ, ಕೆಂಪು ಚಾನೆಲ್ಲಿನಲ್ಲಿ ಬಹುಪಾಲು ಮರೆಯಾಗುತ್ತದೆ. ಮುಂದೆ ತಿದ್ದುವಾಗ ಕೆಂಪು ಚಾನೆಲ್ಲನ್ನಷ್ಟೇ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಶಾರ್ಪನಿಂಗ್, ಧೂಳು ತೆಗೆಯುವ ಆಯ್ಕೆ, ತಾನೇ ಹೊಳಪು ಹೊಂದಿಸುವ ಆಯ್ಕೆ ಎಲ್ಲವನ್ನೂ ಆಫ್ ಮಾಡಿ. ಮೂಲ ಫೈಲು ಟಿಫ್ ಆಗಿರಲಿ, ತಿದ್ದುವುದೆಲ್ಲ ಅದರ ನಕಲಿನ ಮೇಲೆ. ರಟ್ಟಿನ ನಾಲ್ಕೂ ಅಂಚು ಕಾಣುವಂತೆ ಒಂದು, ಹಿಂಬದಿಯದು ಒಂದು ಪ್ರತಿಯೂ ಬೇಕು.

ಯಾವ ಕಾಲದ್ದು?

ನಾಟಕದ ಫೋಟೊಗಳ ಕಾಲ ಹೇಳುವಾಗ ಜನ ಬಿದ್ದುಹೋಗುವ ಹಳ್ಳ ಒಂದೇ: ವೇಷಭೂಷಣ. ಉಡುಪು ನಾಟಕದ ಕಥೆಯ ಕಾಲದ್ದು, ಫೋಟೊದ ಕಾಲದ್ದಲ್ಲ. ಮೇಲಾಗಿ ಶಾಲೆಯ ಪೆಟಾರಿಯಲ್ಲಿ ಮೂವತ್ತು ವರ್ಷ ಹಳೆಯ ನಿಲುವಂಗಿಗಳೂ ಇರುತ್ತವೆ. ಕಿರೀಟದ ಕೆಳಗೆ ನೋಡಿ: ಕಾಲಲ್ಲಿರುವ ಬೂಟು, ನಿಲುವಂಗಿಯ ಅಂಚಿನಿಂದ ಇಣುಕುವ ಶಾಲೆಯ ಚಡ್ಡಿ, ತೆಗೆಯಲು ಮರೆತ ಕನ್ನಡಕ, ಕೈಗಡಿಯಾರ. ಗಂಡಸರಲ್ಲಿ ಕೈಗಡಿಯಾರ ಸಾಮಾನ್ಯವಾದದ್ದು ಮೊದಲ ಮಹಾಯುದ್ಧದ ನಂತರ. ಆದ್ದರಿಂದ ಗಡಿಯಾರ ಕಟ್ಟಿಕೊಂಡೇ ಸಿಂಹಾಸನವೇರಿದ ರಾಜ ನಿಮಗೆ ದೊಡ್ಡ ಉಪಕಾರ ಮಾಡಿದ್ದಾನೆ. ಎಲ್ಲಕ್ಕಿಂತ ಬೆಲೆಬಾಳುವವರು ಪಕ್ಕದಲ್ಲಿ ನಿಂತ ಆ ನಾಲ್ಕೈದು ಜನ, ಏಕೆಂದರೆ ಅವರು ತಮ್ಮ ಕಾಲದ ಬಟ್ಟೆಯಲ್ಲೇ ಇದ್ದಾರೆ. ಎಲ್ಲಾದರೂ ಮೈಕು ಅಥವಾ ಧ್ವನಿವರ್ಧಕದ ಕೊಂಬು ಕಂಡರೆ ಅದು 1920ರ ದಶಕಕ್ಕಿಂತ ಹಿಂದಿನದಾಗಿರುವುದು ಬಹುಮಟ್ಟಿಗೆ ಅಸಂಭವ.

ಕಾಗದವೂ ಮಾತಾಡುತ್ತದೆ. ನಿಮ್ಮ ಫೋಟೊದಲ್ಲಿರುವ ಬೆಳ್ಳಿಯ ಹೊಳಪು ಜೆಲಟಿನ್-ಬೆಳ್ಳಿ ಪ್ರಿಂಟಿನ ಲಕ್ಷಣ. 1880ರ ದಶಕದಲ್ಲಿ ಶುರುವಾಗಿ, 20ನೇ ಶತಮಾನದ ಬಹುಭಾಗವನ್ನು ಆಳಿದ ವಿಧಾನ ಅದು. ಅದಕ್ಕೂ ಮೊದಲಿನ, ಮೊಟ್ಟೆಯ ಬಿಳಿಲೋಳೆ ಬಳಸಿದ ಅಲ್ಬುಮೆನ್ ಪ್ರಿಂಟಾದರೆ 30 ಪಟ್ಟಿನ ಭೂತಗನ್ನಡಿಯಲ್ಲಿ ಕಾಗದದ ನಾರು ಕಾಣುತ್ತದೆ. ಜೆಲಟಿನ್ ಪ್ರಿಂಟಿನಲ್ಲಿ ಬೇರಿಯಂ ಸಲ್ಫೇಟಿನ ಬಿಳಿ ಲೇಪ ನಾರನ್ನು ಮುಚ್ಚಿಬಿಡುತ್ತದೆ. ಸಾಲಾಗಿ ಚುಕ್ಕೆಗಳು ಕಂಡರೆ ಅದು ಫೋಟೊವೇ ಅಲ್ಲ, ಪತ್ರಿಕೆ ಅಥವಾ ಪುಸ್ತಕಕ್ಕೆ ಅಚ್ಚಾದದ್ದು. ಕತ್ತಲಲ್ಲಿ ನೇರಳಾತೀತ ಟಾರ್ಚು ಬಿಟ್ಟಾಗ ಪ್ರಿಂಟಿನ ಬಿಳಿ ಭಾಗ ನೀಲಿಯಾಗಿ ಹೊಳೆದರೆ ಕಾಗದದಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ ಎಂದರ್ಥ, ಅಂದರೆ ಕಾಗದ 1950ರ ದಶಕದ್ದೋ ಆಮೇಲಿನದೋ. ಹೊಳೆಯದಿದ್ದರೆ ಏನೂ ಸಾಬೀತಾಗುವುದಿಲ್ಲ. ಈ ಪರೀಕ್ಷೆಗೆ ಗಾಜಿನಿಂದ ಹೊರಗಿರುವ ಅಂಚು ಸಿಕ್ಕರೆ ಮಾತ್ರ ಬೆಲೆ, ಗಾಜು ಈ ಬೆಳಕನ್ನು ಒಂದಿಷ್ಟು ತಡೆಯುತ್ತದೆ.

ಕಾಗದದ ಕಾಲ ಮತ್ತು ಚಿತ್ರದ ಕಾಲ ಬೇರೆಯಾಗಿರುವುದೂ ಉಂಟು. ಹಳೆಯ ಪ್ರಿಂಟನ್ನೇ ಮತ್ತೆ ಫೋಟೊ ತೆಗೆದು ಹಂಚುತ್ತಿದ್ದರು. ಚಿತ್ರದಲ್ಲಿ ಬಿರುಕು, ಮಡಿಕೆ, ಕಲೆ ಕಾಣುತ್ತಿದ್ದು, ಟಾರ್ಚನ್ನು ಪಕ್ಕದಿಂದ ಹಿಡಿದಾಗ ಕಾಗದದ ಮೈ ಆ ಜಾಗದಲ್ಲಿ ನುಣ್ಣಗೇ ಇದ್ದರೆ ನಿಮ್ಮದು ಪ್ರತಿಯ ಪ್ರತಿ. ಆಗ ಮೂಲ ಇನ್ನೆಲ್ಲೋ, ಬಹುಶಃ ಶಾಲೆಯಲ್ಲೋ ಸಹಪಾಠಿಯೊಬ್ಬರ ಮನೆಯಲ್ಲೋ ಇರಬಹುದು.

ಇನ್ನೊಂದು ಪರೀಕ್ಷೆ: ಕತ್ತಿ ಹಿಡಿದವರೆಲ್ಲ ಎಡಗೈಯಲ್ಲೇ ಹಿಡಿದಿದ್ದಾರೆಯೇ? ಹಾಗಿದ್ದರೆ ಅದು ಎಡಗೈಯವರ ಸೈನ್ಯವಲ್ಲ, ನೆಗೆಟಿವ್ ಮಗುಚಿದ ಬದಿಯಿಂದ ಪ್ರಿಂಟಾಗಿದೆ. ಗಂಡಸರ ಅಂಗಿಯ ಗುಂಡಿಪಟ್ಟಿ, ಫಲಕದ ಅಕ್ಷರಗಳು ಇದನ್ನು ಖಚಿತಪಡಿಸುತ್ತವೆ. ಎಡ-ಬಲ ತಿರುಗಿದ್ದರೆ ಹೆಸರಿನ ಹಳೆಯ ಪಟ್ಟಿಯೊಂದು ಮುಂದೆ ಸಿಕ್ಕಾಗ ಎಲ್ಲರ ಹೆಸರೂ ಅದಲುಬದಲಾಗುತ್ತದೆ, ಅದಕ್ಕೇ ಮೊದಲೇ ನೋಡಿಕೊಳ್ಳಿ.

ಎಲ್ಲಕ್ಕಿಂತ ಬಿಗಿಯಾದ ಗಡಿ ಕೊಡುವುದು ನಿಮ್ಮ ಅಜ್ಜನ ವಯಸ್ಸೇ. ಹುಟ್ಟಿದ ವರ್ಷ, ಶಾಲೆ ಸೇರಿದ ಮತ್ತು ಬಿಟ್ಟ ವರ್ಷ ಗೊತ್ತಿದ್ದರೆ ಏಳೆಂಟು ವರ್ಷಗಳ ಕಿಟಕಿಯೊಳಗೆ ಬರುತ್ತೀರಿ. ಆದರೆ ಅಂಟಿಸಿದ ಮೀಸೆಯನ್ನು ನೋಡಿ ವಯಸ್ಸು ಊಹಿಸಬೇಡಿ. 'ಇದಕ್ಕಿಂತ ಮೊದಲಲ್ಲ', 'ಇದಕ್ಕಿಂತ ಆಮೇಲಲ್ಲ' ಎಂದು ಎರಡು ವರ್ಷಗಳನ್ನು ಕಾರಣದ ಸಮೇತ ಬರೆದಿಡಿ. ಒಂದೇ ವರ್ಷವನ್ನು ಊಹಿಸಿ ಬರೆದರೆ ಮುಂದಿನ ತಲೆಮಾರಿಗೆ ಅದೇ ಸತ್ಯವಾಗುತ್ತದೆ.

ನಾಟಕ ನಡೆಯುವಾಗಲೇ ತೆಗೆದದ್ದೇ?

ಬಹುಶಃ ಅಲ್ಲ. ಇದನ್ನು ಚಿತ್ರದಿಂದಲೇ ಓದಬಹುದು. ಮುಂದಿನ ಸಾಲಿನ ಹುಡುಗರೂ ಹಿಂದಿನ ಮರದ ಕಾಂಡವೂ ಒಂದೇ ರೀತಿ ಸ್ಪಷ್ಟವಾಗಿದ್ದರೆ ಫೋಟೊಗ್ರಾಫರು ಲೆನ್ಸಿನ ಕಿಂಡಿಯನ್ನು ತೀರಾ ಕಿರಿದು ಮಾಡಿದ್ದಾರೆ. ಕಿಂಡಿ ಕಿರಿದಾದರೆ ಬೆಳಕಿಗೆ ಹೆಚ್ಚು ಹೊತ್ತು ಬೇಕು. ಈಗ ಎಲೆಗಳನ್ನು ನೋಡಿ. ಎಲೆ ಗಾಳಿಗೆ ಅಲುಗಿ ಮಂಜಾಗಿದ್ದು, ಎತ್ತಿದ ಕತ್ತಿ ಮಾತ್ರ ಕೂದಲೆಳೆಯಷ್ಟು ಚೂಪಾಗಿದ್ದರೆ ಹುಡುಗರು ಆ ಭಂಗಿಯಲ್ಲಿ ಉಸಿರು ಹಿಡಿದು ನಿಂತಿದ್ದಾರೆ. ಲೆಕ್ಕವೂ ಅದನ್ನೇ ಹೇಳುತ್ತದೆ. ಮುಖ 8 ಮಿಲಿಮೀಟರ್ ಇರುವ ಪ್ರಿಂಟಿನಲ್ಲಿ ನಿಜದ ಅಳತೆ ಸುಮಾರು 28 ಪಟ್ಟು ಕುಗ್ಗಿರುತ್ತದೆ. ಸೆಕೆಂಡಿಗೆ 1.3 ಮೀಟರ್ ವೇಗದಲ್ಲಿ ನಡೆಯುವ ಹುಡುಗ ಸೆಕೆಂಡಿನ 25ನೇ ಒಂದು ಭಾಗದಲ್ಲಿ 5 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ, ಪ್ರಿಂಟಿನಲ್ಲಿ ಸುಮಾರು 2 ಮಿಲಿಮೀಟರ್ ಕದಡು. ಬರಿಗಣ್ಣಿಗೇ ಕಾಣಿಸುವಷ್ಟು. ಬೀಸುವ ಕೈ ಇದಕ್ಕೂ ಹೆಚ್ಚು ಕದಡಬೇಕು.

ಅಂದರೆ ಇದು ಸುಳ್ಳು ಚಿತ್ರವೆಂದಲ್ಲ. ಹಳೆಯ ಕ್ಯಾಮೆರಾಗಳಿಗೆ ಒಳಾಂಗಣದ ರಂಗಮಂಟಪ ಕತ್ತಲ ಗುಹೆ, ಫ್ಲಾಶ್ ಬಲ್ಬು ಮಾರುಕಟ್ಟೆಗೆ ಬಂದದ್ದು 1930ರ ಆಸುಪಾಸಿನಲ್ಲಿ, ಅದಕ್ಕೆ ಮೊದಲು ಇದ್ದದ್ದು ಹೊಗೆಯುಗುಳುವ ಮೆಗ್ನೀಶಿಯಂ ಪುಡಿ. ಬಯಲು ನಾಟಕಕ್ಕೆ ಬಿಸಿಲಿನ ಅನುಕೂಲವಿತ್ತು. ಆದರೂ ದೊಡ್ಡ ಕ್ಯಾಮೆರಾ ಹೂಡಿ, ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಪ್ಲೇಟು ತುಂಬುವಷ್ಟು ಹೊತ್ತು ನಾಟಕ ನಿಲ್ಲುವುದಿಲ್ಲವಲ್ಲ! ಹಾಗಾಗಿ ವೇಷ ಕಟ್ಟಿ ಮಾಡುವ ಕೊನೆಯ ತಾಲೀಮಿನ ದಿನವೋ, ಆಟ ಮುಗಿದ ಮೇಲೋ, ಒಂದು ದೃಶ್ಯವನ್ನು ಜೋಡಿಸಿ ನಿಲ್ಲಿಸುತ್ತಿದ್ದರು. ಪಕ್ಕದ ಆ ನಾಲ್ಕೈದು ಜನ ಯಾರನ್ನು ನೋಡುತ್ತಿದ್ದಾರೆ ಎಂದು ಗಮನಿಸಿ. ರಾಜನನ್ನು ಬಿಟ್ಟು ಕ್ಯಾಮೆರಾ ಕಡೆ ನೋಡುತ್ತಿದ್ದರೆ ಆ ಹೊತ್ತಿನ ನಿಜವಾದ ಆಟ ಫೋಟೊಗ್ರಾಫರದ್ದೇ. ನೆರಳಿನ ಉದ್ದವೂ ಸುಳಿವು ಕೊಡುತ್ತದೆ: ನೆರಳು ಆಳಿನಷ್ಟೇ ಉದ್ದವಿದ್ದರೆ ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದ, ಆಳಿನ ಎರಡರಷ್ಟಿದ್ದರೆ ಸುಮಾರು 27 ಡಿಗ್ರಿ. ಮೈದಾನ ಯಾವ ದಿಕ್ಕಿಗಿತ್ತು ಎಂದು ಗೊತ್ತಾದರೆ ಬೆಳಗೋ ಸಂಜೆಯೋ ಹೇಳಬಹುದು.

ಬಣ್ಣ ಮತ್ತು ಮುಖ

ಆ್ಯಪು ನಿಮ್ಮ ಅಜ್ಜನ ಮುಖವನ್ನು ಸ್ಪಷ್ಟ ಮಾಡಲಿಲ್ಲ, ಬೇರೆ ಮುಖವನ್ನು ಬರೆಯಿತು. ಮೂವತ್ತು-ನಲವತ್ತು ಪಿಕ್ಸೆಲ್ಲಿನ ಮುಖದಲ್ಲಿ ಇಲ್ಲದ ಕಣ್ಣಿನ ಅಂಚು, ತುಟಿಯ ಗೆರೆಗಳನ್ನು ಅದು ತಾನು ಕಲಿತ ಅಸಂಖ್ಯ ಮುಖಗಳ ಸರಾಸರಿಯಿಂದ ತುಂಬುತ್ತದೆ. ನೋಡಲು ಚೆಂದ, ಗುರುತಿಸಲು ಕೆಲಸಕ್ಕೆ ಬಾರದು. ಬೇಕಿದ್ದರೆ ಇಟ್ಟುಕೊಳ್ಳಿ, ಆದರೆ ಫೈಲಿನ ಹೆಸರಿನಲ್ಲೇ 'ಕೃತಕವಾಗಿ ತಿದ್ದಿದ್ದು' ಎಂದಿರಲಿ, ಸಂಬಂಧಿಕರಿಗೆ ಗುರುತು ಕೇಳುವಾಗ ಅದನ್ನು ತೋರಿಸಲೇಬೇಡಿ.

ಬಣ್ಣದ್ದು ಇನ್ನೂ ವಿಚಿತ್ರ. 1930ರ ದಶಕದವರೆಗೂ ಬಹಳ ಕಡೆ ಬಳಕೆಯಲ್ಲಿದ್ದ ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪು ವಸ್ತ್ರ ಹೆಚ್ಚುಕಡಿಮೆ ಕಪ್ಪಾಗಿ, ನೀಲಿ ಹೆಚ್ಚುಕಡಿಮೆ ಬಿಳಿಯಾಗಿ ಬರುತ್ತಿತ್ತು. ರಾಜನ 'ಕಪ್ಪು' ಮೇಲಂಗಿ ಕೆಂಪಿನದಾಗಿರಲೂಬಹುದು. ಬಿಳಿಯಾಗಿ ಕಾಣುವ ಆಕಾಶ ಮೋಡದ್ದೇ ಆಗಿರಬೇಕಿಲ್ಲ. ತುಟಿಗೆ ಬಣ್ಣ ಹಚ್ಚಿದ್ದರೆ ಅದು ಮಸಿ ಬಳಿದಂತೆ ಕಾಣುತ್ತದೆ. ಇದಾವುದೂ ಆ್ಯಪಿಗೆ ತಿಳಿಯದು.

ಗುರುತು ಹಿಡಿಯಲು ವೇಷ ಅಡ್ಡಿ. ಹುಬ್ಬು, ಮೀಸೆ, ಕೂದಲು ಎಲ್ಲವೂ ಬದಲಾಗಿರುತ್ತವೆ, ಹುಡುಗರೇ ಓದುವ ಶಾಲೆಯಲ್ಲಿ ರಾಣಿಯೂ ಹುಡುಗನೇ. ವೇಷಕ್ಕೆ ಬಗ್ಗದ್ದು ಕಿವಿ: ಹಾಲೆ ಕೆನ್ನೆಗೆ ಅಂಟಿದೆಯೇ, ಬಿಡಿಯಾಗಿದೆಯೇ, ಮೇಲಂಚು ಎಷ್ಟು ಮಡಚಿದೆ ಎಂದು ಅದೇ ವಯಸ್ಸಿನ ಇನ್ನೊಂದು ಫೋಟೊ ಜೊತೆ ಹೋಲಿಸಿ. ಪ್ರತಿಯ ಒಂದು ಪ್ರಿಂಟಿನ ಮೇಲೆ ಪ್ರತಿಯೊಬ್ಬರಿಗೂ ಅಂಕಿ ಕೊಟ್ಟು, ಎಡ-ಬಲ ಎಂದರೆ ನೋಡುವವರ ಎಡ-ಬಲ ಎಂದು ಬರೆದು, ಹಿರಿಯರಿಗೆ ಒಬ್ಬೊಬ್ಬರಿಗೇ ಬೇರೆ ಬೇರೆಯಾಗಿ ತೋರಿಸಿ. ನಾಲ್ಕು ಜನರನ್ನು ಒಟ್ಟಿಗೆ ಕೂರಿಸಿದರೆ ಮೊದಲು ಬಾಯಿಬಿಟ್ಟವರ ಊಹೆಗೆ ಉಳಿದವರು ಹೂಂಗುಟ್ಟುತ್ತಾರೆ. ಪ್ರತಿ ಹೆಸರಿನ ಪಕ್ಕ ಹೇಳಿದವರು ಯಾರು, ಎಷ್ಟು ಖಚಿತವಾಗಿ ಹೇಳಿದರು ಎಂದೂ ಬರೆಯಿರಿ. ಶಾಲೆಯ ವಾರ್ಷಿಕ ಸಂಚಿಕೆ, ನಾಟಕದ ಕರಪತ್ರ, ಹಾಜರಿ ಪುಸ್ತಕ ಉಳಿದಿದ್ದರೆ ಪಾತ್ರವರ್ಗದ ಪಟ್ಟಿ ಅಲ್ಲಿ ಸಿಗಬಹುದು.

ಇಡುವುದು ಎಲ್ಲಿ

ಗೋಡೆಗೆ ಪ್ರತಿಯನ್ನು ಹಾಕಿ. ಮೂಲವನ್ನು ಆಮ್ಲರಹಿತ, ಲಿಗ್ನಿನ್ (ಮರದ ನಾರನ್ನು ಗಟ್ಟಿಯಾಗಿಸುವ ವಸ್ತು) ಇಲ್ಲದ ಕಾಗದದ ಮಡಿಕೆಯೊಳಗಿಟ್ಟು, ಅಂಥದ್ದೇ ರಟ್ಟಿನ ಪೆಟ್ಟಿಗೆಯಲ್ಲಿ, ಗಾಜಿನ ಸಮೇತ ಮಲಗಿಸಿಡಿ. ಕೊಳ್ಳುವಾಗ, ಆ ಕಾಗದ ಫೋಟೊವನ್ನು ಕೆಡಿಸುತ್ತದೆಯೇ ಎಂದು ನೋಡುವ ಫೋಟೊ ಚಟುವಟಿಕೆ ಪರೀಕ್ಷೆ, ಅಂದರೆ ಐಎಸ್‌ಒ 18916 ಪಾಸಾಗಿದೆಯೇ ಎಂದು ನೋಡಿ, 'ಆಮ್ಲರಹಿತ' ಎಂಬ ಚೀಟಿಯೊಂದೇ ಸಾಲದು. ಪಿವಿಸಿ ಪ್ಲಾಸ್ಟಿಕ್ ಬೇಡವೇ ಬೇಡ. ಪಾಲಿಯೆಸ್ಟರ್ ಕವರು ಒಳ್ಳೆಯದೇ, ಆದರೆ ಪದರ ಎದ್ದ ಫೋಟೊಗೆ ಅದರ ಸ್ಥಿರ ವಿದ್ಯುತ್ತು ಚಕ್ಕೆಗಳನ್ನು ಸೆಳೆಯುತ್ತದೆ. ಸಾಪೇಕ್ಷ ಆರ್ದ್ರತೆ ಶೇ 30ರಿಂದ 50ರೊಳಗಿರಲಿ. 65 ದಾಟಿದರೆ ಬೂಷ್ಟಿಗೆ ಆಹ್ವಾನ, 30ಕ್ಕಿಂತ ಇಳಿದರೆ ಜೆಲಟಿನ್ ಬಿರಿಯುತ್ತದೆ, ಆದ್ದರಿಂದ ಸಿಲಿಕಾ ಜೆಲ್ಲನ್ನು ಸುರಿಯಬೇಡಿ, ಒಂದು ಚಿಕ್ಕ ಆರ್ದ್ರತಾಮಾಪಕ ಇಟ್ಟು ನೋಡುತ್ತಿರಿ. ಹೊರಗೋಡೆ, ಸ್ನಾನದ ಮನೆಯ ಪಕ್ಕ, ಮಾಡಿನ ಕೆಳಗಿನ ಅಟ್ಟ, ಹೊಸದಾಗಿ ಪೇಂಟ್ ಮಾಡಿದ ಕಪಾಟು ಇವನ್ನು ಬಿಟ್ಟು ಮನೆಯ ಒಳಗಿನ ಕೋಣೆ ಆರಿಸಿ.

ತಜ್ಞರ ಬಳಿ ಒಯ್ಯುವುದಾದರೆ ಏನು ಮಾಡುತ್ತಾರೆ, ಯಾವುದು ಕೆಡಬಹುದು ಎಂಬುದನ್ನು ಬರಹದಲ್ಲಿ ಕೇಳಿ, ಮುಂಚಿನ ಮತ್ತು ನಂತರದ ಚಿತ್ರ ಕೇಳಿ. ಹೊಸದರಂತೆ ಮಾಡಿಕೊಡುತ್ತೇವೆ ಎಂದವರಿಂದ ಫೋಟೊ ವಾಪಸ್ಸು ತನ್ನಿ.

ಫ್ರೇಮಿನ ಹಿಂದಿನಿಂದ ಬಂದ ಸಾಮಾನುಗಳನ್ನೂ ಬಿಸಾಡಬೇಡಿ. ಫ್ರೇಮು ಕಟ್ಟುವವರು ಸಂದು ತುಂಬಲು ಹಳೆಯ ದಿನಪತ್ರಿಕೆ ಮಡಚಿಡುವುದು ರೂಢಿ, ಅದರ ಮೇಲಿನ ತಾರೀಕಿಗಿಂತ ಮೊದಲು ಆ ಫ್ರೇಮು ಕಟ್ಟಿರಲಾರರು. ಅದನ್ನೂ, ಸ್ಟುಡಿಯೊ ಚೀಟಿ ಇದ್ದರೆ ಅದನ್ನೂ ಜೋಪಾನ ಮಾಡಿ, ಆದರೆ ಫೋಟೊದ ಪೆಟ್ಟಿಗೆಯೊಳಗಲ್ಲ, ಬೇರೆ ಲಕೋಟೆಯಲ್ಲಿ: ಪತ್ರಿಕೆಯ ಕಾಗದ ಆಮ್ಲ ಕಾರುತ್ತದೆ.